ಜೆರಂಡ್ ಅಭ್ಯಾಸದ ಮೂರು ದಾರಿಗಳು: ಪಟ್ಟಿ, ಕನ್ನಡದ ಆಸರೆ, ವಾಕ್ಯ ಪರಿವರ್ತನೆ

ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬಂದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವಾಗ ಜೆರಂಡ್‌ನಷ್ಟು ತೊಡಕಿನ ಪಾಠವನ್ನು ನಾನು ಬೇರೆ ಕಂಡಿಲ್ಲ. ಕ್ರಿಯಾಪದಕ್ಕೆ ‘ಐಎನ್‌ಜಿ’ ಸೇರಿ ಅದು ನಾಮಪದದ ಕೆಲಸ ಮಾಡಿದರೆ ಜೆರಂಡ್ ಎಂಬ ವ್ಯಾಖ್ಯೆಯನ್ನು ಎಲ್ಲರೂ ತಡವರಿಸದೆ ಒಪ್ಪಿಸುತ್ತಾರೆ. ಆದರೆ ‘ಇಟ್ ಈಸ್ ಈಸಿ ಟು ಮೇಕ್ ಪ್ರಾಮಿಸಸ್’ ಎಂಬುದನ್ನು ಜೆರಂಡ್ ಬಳಸಿ ಬರೆಯಿರಿ ಎಂದರೆ, ‘ಮೇಕಿಂಗ್ ಪ್ರಾಮಿಸಸ್ ಈಸ್ ಈಸಿ’ ಎಂಬ ಉತ್ತರ ಬರಲು ಬಹಳ ಹೊತ್ತು ಹಿಡಿಯುತ್ತದೆ. ಇದಕ್ಕಾಗಿ ಮೂರು ಬಗೆಯ ಅಭ್ಯಾಸಗಳನ್ನು ಬೇರೆ ಬೇರೆ ತಂಡಗಳೊಂದಿಗೆ ನಡೆಸಿ ನೋಡಿದ್ದೇನೆ. ಮೂರೂ ಒಂದೇ ತೂಕದವಲ್ಲ.

ಪಟ್ಟಿಯ ದಾರಿ ಎಲ್ಲರಿಗೂ ಪರಿಚಿತ. ‘ಎಂಜಾಯ್, ಅವಾಯ್ಡ್, ಫಿನಿಶ್, ಡಿನೈ, ಸಜೆಸ್ಟ್’ ಒಂದು ಕಡೆ, ಜೆರಂಡ್ ಬೇಡುವವು; ‘ವಾಂಟ್, ಡಿಸೈಡ್, ಹೋಪ್, ರೆಫ್ಯೂಸ್, ಪ್ರಾಮಿಸ್’ ಇನ್ನೊಂದು ಕಡೆ, ‘ಟು’ ಬೇಡುವವು. ಇವನ್ನು ಬಾಯಿಪಾಠ ಮಾಡಿಸಿ ಬಿಟ್ಟ ಸ್ಥಳ ತುಂಬಿಸಿದರೆ ಅಂಕಗಳು ಬೇಗ ಬರುತ್ತವೆ, ವಿದ್ಯಾರ್ಥಿಗೆ ಧೈರ್ಯವೂ ಬರುತ್ತದೆ. ಆದರೆ ಬಿಟ್ಟ ಸ್ಥಳವೇ ಅರ್ಧ ಉತ್ತರ ಹೇಳಿಬಿಡುತ್ತದೆ: ಜೆರಂಡ್ ವಾಕ್ಯದಲ್ಲಿ ಎಲ್ಲಿ ಕೂರಬೇಕು, ಅದರ ಹಿಂದೆ ಯಾವ ಪ್ರಿಪೊಸಿಷನ್ ಬರಬೇಕು, ವಾಕ್ಯದ ಉಳಿದ ಭಾಗ ಹೇಗೆ ಬದಲಾಗಬೇಕು ಎಂಬ ಯಾವ ನಿರ್ಧಾರವೂ ಬರೆಯುವವನ ಪಾಲಿಗೆ ಉಳಿಯುವುದಿಲ್ಲ. ಎರಡೂ ಕಡೆ ಸಲ್ಲುವ ‘ಸ್ಟಾಪ್’, ‘ರಿಮೆಂಬರ್’ನಂಥ ಕ್ರಿಯಾಪದಗಳ ಮುಂದೆ ಪಟ್ಟಿ ಪೂರ್ತಿ ಮೌನ.

ಅಲ್ಲಿ ಕನ್ನಡ ನೆರವಿಗೆ ಬರುತ್ತದೆ. ‘ಹಿ ಸ್ಟಾಪ್ಡ್ ಡ್ರಿಂಕಿಂಗ್ ಟೀ’ ಎಂದರೆ ಚಹಾ ಕುಡಿಯುವುದನ್ನು ನಿಲ್ಲಿಸಿದ; ‘ಹಿ ಸ್ಟಾಪ್ಡ್ ಟು ಡ್ರಿಂಕ್ ಟೀ’ ಎಂದರೆ ಚಹಾ ಕುಡಿಯಲು ನಿಂತ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಎಂದರೆ ಬೀಗ ಹಾಕಿದ್ದು ನೆನಪಿದೆ. ‘ರಿಮೆಂಬರ್ ಟು ಲಾಕ್ ದ ಡೋರ್’ ಎಂದರೆ ಬೀಗ ಹಾಕಲು ಮರೆಯಬೇಡ. ಇಂಗ್ಲಿಷ್ ವ್ಯಾಕರಣ ಪುಸ್ತಕ ಒಂದು ಪುಟ ತೆಗೆದುಕೊಂಡು ವಿವರಿಸುವ ವ್ಯತ್ಯಾಸವನ್ನು ವಿದ್ಯಾರ್ಥಿ ತನ್ನ ಮಾತಿನಲ್ಲಿ ಆಗಲೇ ಮಾಡುತ್ತಿರುತ್ತಾನೆ. ಅಷ್ಟೇ ಅಲ್ಲ, ‘ಓದುವುದು’ ಎಂಬ ರೂಪ ನಮ್ಮಲ್ಲಿ ನಾಮಪದದಂತೆಯೇ ವಿಭಕ್ತಿ ಪ್ರತ್ಯಯ ಪಡೆಯುತ್ತದೆ. ‘ಪಡೆಯುವುದರಲ್ಲಿ ಯಶಸ್ವಿಯಾದ’ ಎಂಬುದು ‘ಸಕ್ಸೀಡೆಡ್ ಇನ್ ಗೆಟ್ಟಿಂಗ್’ ಆಗುತ್ತದೆ. ‘ಬೇಗ ಏಳುವುದಕ್ಕೆ ಒಗ್ಗಿಹೋಗಿದ್ದಾಳೆ’ ಎಂಬುದು ‘ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ’ ಆಗುತ್ತದೆ. ವಿಭಕ್ತಿಗಳನ್ನು ಚಿಕ್ಕಂದಿನಿಂದ ಕಲಿತ ಹುಡುಗರಿಗೆ, ಪ್ರಿಪೊಸಿಷನ್ನಿನ ನಂತರ ಕ್ರಿಯಾಪದ ಏಕೆ ಬರಿಯ ರೂಪದಲ್ಲಿ ನಿಲ್ಲಲಾರದು ಎಂಬುದು ಇದರಿಂದ ಮನಸ್ಸಿಗೆ ಹತ್ತಿದಷ್ಟು ಬೇರೆ ಯಾವುದರಿಂದಲೂ ಹತ್ತಿದ್ದನ್ನು ನಾನು ನೋಡಿಲ್ಲ.

ಆದರೂ ಈ ಆಸರೆಯನ್ನು ಹೆಚ್ಚು ದೂರ ಹಿಡಿದು ನಡೆಯಬಾರದು. ‘ಈಜುವುದನ್ನು ಕಲಿತ’ ಎಂಬುದು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಲರ್ನ್ಡ್ ಟು ಸ್ವಿಮ್’. ‘ಹೋಗುವುದೆಂದು ತೀರ್ಮಾನಿಸಿದ’ ಎಂಬುದು ‘ಡಿಸೈಡೆಡ್ ಟು ಗೋ’ ಹೊರತು ‘ಡಿಸೈಡೆಡ್ ಗೋಯಿಂಗ್’ ಅಲ್ಲ. ‘ನಾನು ಹೋಗುವುದನ್ನು ತಡೆದ’ ಎಂಬಲ್ಲಿ ‘ಅನ್ನು’ ಪ್ರತ್ಯಯ ನೋಡಿದವನಿಗೆ ‘ಪ್ರಿವೆಂಟೆಡ್ ಮಿ ಫ್ರಮ್ ಗೋಯಿಂಗ್’ನ ‘ಫ್ರಮ್’ ಹೊಳೆಯುವ ದಾರಿಯೇ ಇಲ್ಲ. ‘ಓದುವುದಕ್ಕೆ ಬಂದ’ ಎಂಬುದು ‘ಕೇಮ್ ಟು ಸ್ಟಡಿ’, ‘ಓದುವುದಕ್ಕೆ ಒಗ್ಗಿಕೊಂಡ’ ಎಂಬುದು ‘ಗಾಟ್ ಯೂಸ್ಡ್ ಟು ಸ್ಟಡಿಯಿಂಗ್’. ನಮ್ಮ ಒಂದೇ ರೂಪ ಅಲ್ಲಿ ಎರಡಾಗಿ ಒಡೆಯುತ್ತದೆ.

ನಾನು ಅತಿ ಹೆಚ್ಚು ಬೆಲೆ ಕೊಡುವುದು ಮೂರನೆಯದಾದ ವಾಕ್ಯ ಪರಿವರ್ತನೆಗೆ. ಒಂದು ಇಡೀ ವಾಕ್ಯವನ್ನೋ, ಎರಡು ಬಿಡಿ ವಾಕ್ಯಗಳನ್ನೋ ಕೊಟ್ಟು, ಅರ್ಥ ಕೆಡದಂತೆ ಜೆರಂಡ್ ಬಳಸಿ ಬರೆಯಲು ಹೇಳುವುದು ಇದರ ಕ್ರಮ. ಕೇಂಬ್ರಿಜ್‌ನ ಬಿ2 ಫಸ್ಟ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಇದಕ್ಕೆ ಹತ್ತಿರದ 6 ಪ್ರಶ್ನೆಗಳಿರುತ್ತವೆ. ಜೆರಂಡ್‌ಗೇ ಮೀಸಲಲ್ಲದಿದ್ದರೂ, ಕೊಟ್ಟ ಪದವನ್ನು ಬದಲಿಸದೆ ಅದೂ ಸೇರಿ 2ರಿಂದ 5 ಪದಗಳಲ್ಲಿ ಉತ್ತರಿಸಬೇಕೆಂಬ ಅಲ್ಲಿನ ಕಟ್ಟುಪಾಡು ನಮ್ಮ ತರಗತಿಗೂ ಚೆನ್ನಾಗಿ ಹೊಂದುತ್ತದೆ. ‘ವಿದೌಟ್’ ಎಂಬ ಪದ ಕೊಟ್ಟು, ‘ಹಿ ಡಿಡ್ ನಾಟ್ ಈಟ್ ಎನಿಥಿಂಗ್. ಹಿ ವೆಂಟ್ ಟು ಸ್ಕೂಲ್’ ಎಂಬುದನ್ನು ಸೇರಿಸಿ ಎಂದರೆ ಬರುವ ತಪ್ಪುಗಳೇ ಪಾಠವಾಗುತ್ತವೆ. ಒಬ್ಬರು ‘ವಿದೌಟ್ ಏಟ್’ ಎಂದು ಭೂತಕಾಲ ಉಳಿಸಿಕೊಳ್ಳುತ್ತಾರೆ; ಇನ್ನೊಬ್ಬರು ‘ವಿದೌಟ್ ನಾಟ್ ಈಟಿಂಗ್’ ಎಂದು ನಿಷೇಧವನ್ನು ಎರಡು ಸಲ ಹೇಳುತ್ತಾರೆ. ‘ಏನೂ ತಿನ್ನದೆ’ ಎನ್ನುವಾಗ ಕಾಲಸೂಚಕ ಪ್ರತ್ಯಯವೂ ಇಲ್ಲ, ‘ಇಲ್ಲ’ ಎಂಬ ಪದವೂ ಬೇಕಿಲ್ಲ ಎಂದು ತೋರಿಸಿದ ಮೇಲೆ ಎರಡೂ ತಪ್ಪುಗಳು ಬಹುಮಟ್ಟಿಗೆ ತಾವಾಗಿಯೇ ಹೋಗುತ್ತವೆ.

ಈ ಅಭ್ಯಾಸದ ನಿಜವಾದ ಲಾಭ ಕಾಣುವುದು ಕರ್ತೃವಿನ ವಿಷಯದಲ್ಲಿ. ‘ಆಸ್ ಸೂನ್ ಆಸ್ ದ ಥೀಫ್ ಸಾ ದ ಪೊಲೀಸ್, ಹಿ ರ್‍ಯಾನ್ ಅವೇ’ ಎಂಬುದನ್ನು ‘ಆನ್ ಸೀಯಿಂಗ್ ದ ಪೊಲೀಸ್, ದ ಥೀಫ್ ರ್‍ಯಾನ್ ಅವೇ’ ಎಂದು ಬರೆಯಬಹುದು. ನೋಡಿದವನೂ ಓಡಿದವನೂ ಕಳ್ಳನೇ. ಆದರೆ ‘ಆಸ್ ಸೂನ್ ಆಸ್ ಐ ರೀಚ್ಡ್ ಹೋಮ್, ಇಟ್ ಸ್ಟಾರ್ಟೆಡ್ ರೇನಿಂಗ್’ ಎಂಬುದನ್ನು ಅದೇ ಅಚ್ಚಿಗೆ ಹಾಕಿದರೆ, ಮನೆ ಸೇರಿದವರು ಯಾರು ಎಂಬುದೇ ವಾಕ್ಯದಿಂದ ಬಿದ್ದುಹೋಗುತ್ತದೆ. ಕನ್ನಡದಲ್ಲಿ ‘ನಾನು ಮನೆ ಸೇರಿದ ಕೂಡಲೇ ಮಳೆ ಶುರುವಾಯಿತು’ ಎಂದರೆ ಎಳ್ಳಷ್ಟೂ ತೊಂದರೆಯಿಲ್ಲ, ಏಕೆಂದರೆ ಒಳಗಿನ ವಾಕ್ಯಕ್ಕೆ ತನ್ನದೇ ಕರ್ತೃವಿದೆ. ಆದ್ದರಿಂದ ಕನ್ನಡದಿಂದ ಬಂದವರು ಎಡವುವುದು ಸರಿಯಾಗಿ ಇಲ್ಲಿಯೇ, ಮತ್ತು ಪಟ್ಟಿಯಾಗಲಿ ಅನುವಾದವಾಗಲಿ ಈ ಜಾಗವನ್ನು ಮುಟ್ಟುವುದೇ ಇಲ್ಲ. ಪರಿವರ್ತಿಸಲಾಗದ ವಾಕ್ಯಗಳನ್ನು ಪ್ರಶ್ನೆಗಳ ನಡುವೆ ಬೇಕೆಂದೇ ಸೇರಿಸಿ, ‘ಇದನ್ನು ಹೀಗೆ ಬದಲಿಸಲಾಗದು, ಕರ್ತೃ ಬೇರೆ’ ಎಂಬುದನ್ನೂ ಸರಿಯುತ್ತರವೆಂದು ಒಪ್ಪುವುದು ಅತ್ಯಗತ್ಯವೆಂದು ನಾನು ನಂಬುತ್ತೇನೆ.

ಪರಿವರ್ತನೆಗೆ ಸಮಯ ಹೆಚ್ಚು ಬೇಕು, ತಿದ್ದುವ ಕೆಲಸವೂ ಹೆಚ್ಚು, ಏಕೆಂದರೆ ಸರಿಯುತ್ತರ ಒಂದೇ ಇರುವುದಿಲ್ಲ. ಪಟ್ಟಿಯ ಅಗತ್ಯ ಇಲ್ಲಿಯೂ ಪೂರ್ತಿ ತೀರುವುದಿಲ್ಲ: ‘ಹಿ ಸೆಡ್, ಲೆಟ್ಸ್ ಗೋ ಬೈ ಬಸ್’ ಎಂಬುದನ್ನು ‘ಸಜೆಸ್ಟೆಡ್ ಟು ಗೋ’ ಎಂದು ಬರೆದವರಿಗೆ, ‘ಸಜೆಸ್ಟ್’ ಜೆರಂಡ್ ಬೇಡುತ್ತದೆ ಎಂದು ನೇರವಾಗಿ ಹೇಳದೆ ಬೇರೆ ದಾರಿಯಿಲ್ಲ. ಹಾಗಾಗಿ ನಾನೀಗ ಮೊದಲೆರಡು ತರಗತಿಗಳಲ್ಲಿ ಮಾತ್ರ ಕನ್ನಡದ ವಾಕ್ಯಗಳಿಂದ ಹೊರಟು, ಉಳಿದ ಬಹುಪಾಲು ಸಮಯವನ್ನು ಪರಿವರ್ತನೆಗೆ ಕೊಡುತ್ತೇನೆ. ಪಟ್ಟಿಯನ್ನು ಮುಂಚಿತವಾಗಿ ಹಂಚುವುದಿಲ್ಲ, ಬರೆಯುವಾಗ ಯಾವ ಕ್ರಿಯಾಪದದ ಹತ್ತಿರ ತಪ್ಪಾಯಿತೋ ಅದನ್ನು ವಿದ್ಯಾರ್ಥಿಯೇ ತನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಪೂರ್ಣ ವಾಕ್ಯದೊಂದಿಗೆ ಸೇರಿಸಿಕೊಳ್ಳುತ್ತಾನೆ.