ಮನೆಯ ಹಿಟ್ಟು, ಓಣಿಯ ಭಟ್ಟಿ: ಮೊಟ್ಟೆ-ಬೆಣ್ಣೆ ಸಿಗದ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಕೇಕು

ಸಾಮಾನು ನಿಮ್ಮದು, ಬೆಂಕಿ ಅವರದು. ಕಲಬುರಗಿ, ಬೀದರ್ ಕಡೆಯ ಹಳೆ ಬೇಕರಿಗಳಲ್ಲಿ ಈ ಸೇವೆ ಇನ್ನೂ ಅಲ್ಲಲ್ಲಿ ಉಳಿದಿದೆ. ಮೈದಾ, ಸಕ್ಕರೆ, ಡಾಲ್ಡಾ ಒಯ್ದರೆ ನಾನ್‌ಖಟಾಯಿ ಸುಟ್ಟು ಕೊಡುತ್ತಾರೆ, ಕಲಸಿದ ಹಿಟ್ಟು ಒಯ್ದರೆ ಕೇಕು ಬೇಯಿಸಿ ಕೊಡುತ್ತಾರೆ. ಕೂಲಿ ಕೆಜಿ ಲೆಕ್ಕ, ಇಲ್ಲವೇ ತಟ್ಟೆ ಲೆಕ್ಕ. ಮಾಮೂಲಿ ದಿನಗಳಲ್ಲಿ ಇದರ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಆದರೆ ಡಿಸೆಂಬರಿನಲ್ಲಿ ಚಳಿಗೆ ಮೊಟ್ಟೆಯ ಖರ್ಚು ಏರುತ್ತದೆ, ದೊಡ್ಡ ಬೇಕರಿಗಳು ಮೊಟ್ಟೆಯನ್ನೂ ಬಿಳಿ ಬೆಣ್ಣೆಯನ್ನೂ ಸಗಟಾಗಿ ಎತ್ತಿಕೊಂಡು ಹೋಗುತ್ತವೆ, ಓಣಿಯ ಕಿರಾಣಿಗೆ ಉಳಿಯುವುದು ಅರ್ಧ ಟ್ರೇ ಮೊಟ್ಟೆ, ಖಾಲಿ ಫ್ರಿಜ್ಜು. ಆ ಹೊತ್ತಿನಲ್ಲಿ ಭಟ್ಟಿ ಎಷ್ಟು ಆಸರೆ ಅನ್ನುವುದೇ ಇಲ್ಲಿಯ ಪ್ರಶ್ನೆ. ಬಿಸ್ಕತ್ತಿಗೆ ಕಣ್ಣು ಮುಚ್ಚಿ ಹೋಗಬಹುದು. ಹಣ್ಣಿನ ಕೇಕಿಗೆ ಹಿಟ್ಟನ್ನು ಭಟ್ಟಿಗೆ ತಕ್ಕಂತೆ ಬದಲಿಸಿಕೊಂಡು ಹೋಗಬೇಕು. ಬರೀ ಮೊಟ್ಟೆಯ ನೊರೆಯ ಮೇಲೆ ಉಬ್ಬುವ ಸ್ಪಂಜ್ ಕೇಕಿಗೆ ಹೋಗಲೇಬಾರದು.

ಕಟ್ಟಿಗೆಯ ಭಟ್ಟಿಗೆ ಉಷ್ಣಾಂಶ ತಿರುಗಿಸುವ ಗುಂಡಿ ಇರುವುದಿಲ್ಲ. ಒಳಗೇ ಕಟ್ಟಿಗೆ ಉರಿಸಿ, ಕೆಂಡ ಎಳೆದು, ಕಲ್ಲು-ಇಟ್ಟಿಗೆಯಲ್ಲಿ ಉಳಿದ ಶಾಖದಲ್ಲಿ ಬೇಯಿಸುವುದು ಇದರ ಕ್ರಮ. ಶಾಖ ಇಳಿಯುತ್ತಾ ಬರುತ್ತದೆ, ಸರದಿಯೂ ಅದರ ಹಿಂದೆಯೇ: ಮೊದಲು ಬ್ರೆಡ್ಡು-ಪಾವು, ಆಮೇಲೆ ಖಾರಿ ಮತ್ತು ಬಿಸ್ಕತ್ತು, ಕೊನೆಗೆ ಕೇಕು. ಹಣ್ಣಿನ ಕೇಕಿಗೆ ಬೇಕಾದದ್ದು 160ರಿಂದ 170 ಡಿಗ್ರಿ. ಬ್ರೆಡ್ಡಿನ ಬಿಸಿ 220 ದಾಟಿರುತ್ತದೆ. ಬ್ರೆಡ್ಡಿನ ಜೊತೆಗೇ ಕೇಕನ್ನು ತಳ್ಳಿದರೆ ಇಪ್ಪತ್ತು ನಿಮಿಷದಲ್ಲಿ ಮೇಲ್ಭಾಗ ಕಪ್ಪಾಗಿ ಬಿರಿಯುತ್ತದೆ, ನಡುವೆ ಹಸಿ ಹಿಟ್ಟು ಹಾಗೇ ಕೂತಿರುತ್ತದೆ. ಆದ್ದರಿಂದ ಡಬ್ಬಿ ಕೈಗೆ ಕೊಡುವಾಗಲೇ “ಭಾಯ್, ಬ್ರೆಡ್ ತಗದ ಮ್ಯಾಲೆ ನಮ್ದು ಇಡ್ರಿ” ಅಂತ ಹೇಳಿಬಿಡಬೇಕು. ಅನುಮಾನ ಬಂದರೆ ಭಟ್ಟಿಯ ನೆಲದ ಮೇಲೆ ಒಂದು ಚಿಟಿಕೆ ಮೈದಾ ಎರಚಲು ಕೇಳಿ. ಎರಚಿದ ಕೂಡಲೇ ಕಪ್ಪಾದರೆ ಕಾಯಬೇಕು, ನಿಧಾನಕ್ಕೆ ಹೊಂಬಣ್ಣಕ್ಕೆ ತಿರುಗಿದರೆ ಇಡಬಹುದು. ಒಳ್ಳೆಯ ಕಾರೀಗರ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಬೇರೆ ಭಟ್ಟಿ ನೋಡುವುದು ಲೇಸು.

ಇನ್ನು ಹಿಟ್ಟಿನ ಲೆಕ್ಕ. ಸುಮಾರು ಒಂದು ಕೆಜಿ ಹಣ್ಣಿನ ಕೇಕಿಗೆ ಸುಭಿಕ್ಷದ ಪ್ರಮಾಣ ಹೀಗಿರುತ್ತದೆ: ಮೈದಾ 250 ಗ್ರಾಂ, ಸಕ್ಕರೆ 200, ಬೆಣ್ಣೆ 200, ಮೊಟ್ಟೆ 4, ಒಣಹಣ್ಣು 250. ಮೊಟ್ಟೆ ಎರಡೇ ಸಿಕ್ಕಿದೆ, ಬೆಣ್ಣೆ ನೂರೇ ಗ್ರಾಂ ಇದೆ ಅಂದುಕೊಳ್ಳಿ. ಒಂದು ಮೊಟ್ಟೆಗೆ 60 ಗ್ರಾಂ ಗಟ್ಟಿ ಮೊಸರು, ಅಂದರೆ ಎರಡಕ್ಕೆ 120. ಇಲ್ಲದ ನೂರು ಗ್ರಾಂ ಬೆಣ್ಣೆಗೆ 80 ಗ್ರಾಂ ಸೂರ್ಯಕಾಂತಿ ಎಣ್ಣೆ ಸಾಕು. ಬೆಣ್ಣೆಯಲ್ಲಿ ಕೊಬ್ಬು ಇರುವುದು ನೂರಕ್ಕೆ 80ರಷ್ಟೇ, ಉಳಿದದ್ದು ಹೆಚ್ಚಾಗಿ ನೀರು. ಎಣ್ಣೆ, ತುಪ್ಪ, ಡಾಲ್ಡಾ ಮೂರೂ ಪೂರ್ತಿ ಕೊಬ್ಬು. ನೂರಕ್ಕೆ ನೂರು ಹಾಕುವವರ ಕೇಕಿನ ತಳದಲ್ಲಿ ಎಣ್ಣೆ ಜಿನುಗುವುದು ಇದಕ್ಕೇ. ಶೇಂಗಾ ಎಣ್ಣೆ ಬೇಡ, ಏಲಕ್ಕಿ-ಲವಂಗ ಎಷ್ಟು ಹಾಕಿದರೂ ಅದರ ವಾಸನೆ ಮುಚ್ಚುವುದಿಲ್ಲ.

ಉಬ್ಬಿಸುವ ಕೆಲಸಕ್ಕೆ ಒಂದು ಟೀ ಚಮಚ ಬೇಕಿಂಗ್ ಪೌಡರು, ಮೊಸರಿನ ಹುಳಿಗೆ ಕಾಲು ಚಮಚ ಅಡುಗೆ ಸೋಡಾ. ಮೊಟ್ಟೆ ಕಡಿಮೆಯಾಯಿತೆಂದು ಸೋಡಾ ಜಾಸ್ತಿ ಹಾಕುವುದು ಎಲ್ಲರೂ ಮಾಡುವ ತಪ್ಪು. ಹುಳಿಗೆ ಮೀರಿ ಉಳಿದ ಸೋಡಾ ಬಾಯಲ್ಲಿ ಸಾಬೂನಿನ ಹಾಗೆ ನಿಲ್ಲುತ್ತದೆ, ಕೇಕು ಒಮ್ಮೆ ಉಬ್ಬಿ ನಡುವೆ ಕುಸಿಯುತ್ತದೆ. ಬಣ್ಣಕ್ಕೆ 200 ಗ್ರಾಂ ಸಕ್ಕರೆಯಲ್ಲೇ 50 ಗ್ರಾಂ ತೆಗೆದು ಒಣ ಬಾಣಲೆಯಲ್ಲಿ ಕಂದು-ಕಪ್ಪಾಗುವವರೆಗೆ ಕರಗಿಸಿ, ಕುದಿಯುವ ನೀರು 50 ಮಿಲಿ ಸುರಿಯಿರಿ. ತಣ್ಣೀರು ಸುರಿದರೆ ಸಕ್ಕರೆ ಇನ್ನೂ ಜೋರಾಗಿ ಸಿಡಿಯುತ್ತದೆ, ಗಂಟೂ ಕಟ್ಟುತ್ತದೆ. ಬಿಸಿ ನೀರಿಗೂ ಮುಖ ದೂರವಿರಲಿ. ಈ ಕ್ಯಾರಮೆಲ್ ಪೂರ್ತಿ ಆರಿದ ಮೇಲೆ ಹಿಟ್ಟಿಗೆ ಸೇರಿಸಿ. ಬೀದರಿನ ಚಳಿಗೆ ಬೆಣ್ಣೆ ಕಲ್ಲಾಗಿರುತ್ತದೆ. ಮೊಟ್ಟೆಯನ್ನು ಐದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ತೆಗೆಯದಿದ್ದರೆ, ಬೆಣ್ಣೆ-ಸಕ್ಕರೆಗೆ ಅದು ಬಿದ್ದೊಡನೆ ಮಿಶ್ರಣ ಒಡೆಯುತ್ತದೆ. ಅಭಾವದ ಹೆಸರಲ್ಲಿ ಅಗ್ಗಕ್ಕೆ ಮಾರುವ ಸೀಳಿದ ಮೊಟ್ಟೆ ಮಾತ್ರ ಬೇಡವೇ ಬೇಡ. ಒಡೆದ ಸಿಪ್ಪೆಯಿಂದ ರೋಗಾಣು ಒಳಹೋಗುವುದು ಸುಲಭ.

ಒಣಹಣ್ಣಿನ ವಿಷಯದಲ್ಲಿ ನಾವು ಪುಣ್ಯವಂತರು. ಪಕ್ಕದ ವಿಜಯಪುರದ ಒಣದ್ರಾಕ್ಷಿ ಇಲ್ಲಿಯ ಬಜಾರಿಗೆ ಬರುತ್ತದೆ. ಕಪ್ಪು ದ್ರಾಕ್ಷಿ 150 ಗ್ರಾಂ, ಖರ್ಜೂರ 60, ಟೂಟಿ-ಫ್ರೂಟಿ 40 ಆದರೆ ಗೋಡಂಬಿ, ಚೆರ್ರಿ ಇಲ್ಲದಿದ್ದರೂ ಸಾಗುತ್ತದೆ. ಅಂದಹಾಗೆ ಟೂಟಿ-ಫ್ರೂಟಿ ಅಂದರೆ ಪಪ್ಪಾಯಿ ಕಾಯಿಯೇ: ಸಣ್ಣಗೆ ಹೆಚ್ಚಿ, ಹೋಳು ಗಾಜಿನಂತಾಗುವವರೆಗೆ ನೀರಲ್ಲಿ ಕುದಿಸಿ, ಬಸಿದು, ಒಂದೆಳೆ ಪಾಕದಲ್ಲಿ ಒಂದು ರಾತ್ರಿ ನೆನೆಸಿ ಒಣಗಿಸಿದರೆ ಮುಗಿಯಿತು. ಮೆಥಡಿಸ್ಟ್ ಪಂಗಡದ ಕ್ರೈಸ್ತ ಮನೆಗಳಲ್ಲಿ ಹಣ್ಣನ್ನು ರಮ್ಮಿನಲ್ಲಿ ನೆನೆಸುವ ಮಾತು ಸಾಮಾನ್ಯವಾಗಿ ಬರುವುದಿಲ್ಲ. ಹಣ್ಣನ್ನು ಮೋಸಂಬಿ ರಸದಲ್ಲೋ ಹಾಲಿಲ್ಲದ ಚಹಾ ಡಿಕಾಕ್ಷನ್ನಿನಲ್ಲೋ ನೆನೆಸಿ ಫ್ರಿಜ್ಜಿನಲ್ಲಿಡಿ, ಎರಡು ದಿನಕ್ಕಿಂತ ಹೆಚ್ಚು ಬೇಡ, ಹುಳಿತು ಹೋಗುತ್ತದೆ. ಮೊಸರು-ಎಣ್ಣೆಯ ಹಿಟ್ಟು ತೆಳು. ಹಣ್ಣನ್ನು ಹಿಂಡಿ, ಸಣ್ಣಗೆ ಹೆಚ್ಚಿ, ಅಳೆದಿಟ್ಟ ಮೈದಾದಲ್ಲೇ ಒಂದು ಚಮಚ ತೆಗೆದು ಹೊರಳಿಸದಿದ್ದರೆ ಎಲ್ಲವೂ ತಳ ಸೇರುತ್ತದೆ.

ಭಟ್ಟಿ ಸೇವೆಯ ದೊಡ್ಡ ಕೊರತೆ ಇರುವುದು ದಾರಿಯಲ್ಲಿ. ಹಸಿಯಾದ ಗಳಿಗೆಯಿಂದಲೇ ಸೋಡಾ ಕೆಲಸ ಶುರುಮಾಡುತ್ತದೆ. ಮನೆಯಲ್ಲೇ ಪೂರ್ತಿ ಕಲಸಿ, ಆಟೋದಲ್ಲಿ ಕುಲುಕಿಸಿಕೊಂಡು ಒಯ್ದು, ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತರೆ ಗಾಳಿಯೆಲ್ಲ ಹೋಗಿ ಕೇಕು ಇಟ್ಟಿಗೆ ಆಗುತ್ತದೆ. ಮೈದಾ, ಬೇಕಿಂಗ್ ಪೌಡರು, ಸೋಡಾ ಜರಡಿ ಹಿಡಿದು ಒಂದು ಡಬ್ಬಿ, ಬೆಣ್ಣೆ-ಸಕ್ಕರೆ-ಮೊಟ್ಟೆ-ಎಣ್ಣೆ-ಕ್ಯಾರಮೆಲ್ ಒಂದು ಡಬ್ಬಿ, ಮೊಸರು ಬೇರೆ, ಹಣ್ಣು ಬೇರೆ. ನಿಮ್ಮ ಸರದಿಗೆ ಹತ್ತು ನಿಮಿಷ ಇರುವಾಗ ಅಲ್ಲೇ ಕೂಡಿಸಿ, ಒಣಹಿಟ್ಟು ಕಾಣದಾದ ಕೂಡಲೇ ಕೈ ನಿಲ್ಲಿಸಿ, ಅರ್ಧ ಕೆಜಿಯ ಎರಡು ಡಬ್ಬಿಗೆ ಹಂಚಿ. ಡಬ್ಬಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು. ತಳಕ್ಕೆ ಬೇಕರಿಯವರು ಹಳೆ ಪೇಪರ್ ಹಾಸಲು ಬಂದರೆ ಬೇಡ ಅನ್ನಿ, ಶಾಯಿ ಹತ್ತುತ್ತದೆ. ಬಟರ್ ಪೇಪರ್ ಮನೆಯಿಂದಲೇ ಒಯ್ಯಿರಿ.

ಡಬ್ಬಿ ಅದಲು-ಬದಲಾಗುವುದು ಎರಡನೆಯ ಕೊರತೆ. ಸೀಮೆಸುಣ್ಣದ ಗುರುತು ಕೈಯಿಂದ ಕೈಗೆ ಹೋಗುವಾಗ ಅಳಿಸಿರುತ್ತದೆ, ಚೀಟಿ ಸುಟ್ಟಿರುತ್ತದೆ. ಹಿಟ್ಟಿನ ಮೇಲೆಯೇ ಗುರುತು ಇಡುವುದು ವಾಸಿ, ಮೂಲೆಗೆ ಮೂರು ದ್ರಾಕ್ಷಿ ಅಥವಾ ನಡುವೆ ಖರ್ಜೂರದ ಒಂದು ಸೀಳು. ಮೊಟ್ಟೆ ಹಾಕದ ಕೇಕು ಮಾಡಿಸುವವರು ತಮ್ಮ ತಟ್ಟೆ ಪ್ರತ್ಯೇಕ ಇರಲೆಂದು ಮೊದಲೇ ಹೇಳಬೇಕು. ಗದ್ದಲದಲ್ಲಿ ಅದು ಪಾಲನೆಯಾಗುತ್ತದೆಂಬ ಖಾತ್ರಿ ಇಟ್ಟುಕೊಳ್ಳಬೇಡಿ.

ನಾನ್‌ಖಟಾಯಿಯಲ್ಲಿ ಇಂಥ ಯಾವ ರಗಳೆಯೂ ಇಲ್ಲ. ಮೊದಲೇ ಮೊಟ್ಟೆ ಬೇಡದ ತಿನಿಸು. ಬೆಣ್ಣೆಯ ಬದಲು ಡಾಲ್ಡಾವೇ ಅದರ ರೂಢಿ. ಮೈದಾ 350 ಗ್ರಾಂ, ಜೋಳದ ಹಿಟ್ಟು 100, ಕಡಲೆ ಹಿಟ್ಟು 50, ಪುಡಿ ಸಕ್ಕರೆ 250, ಡಾಲ್ಡಾ 300, ಒಂದು ಚಿಟಿಕೆ ಸೋಡಾ, ಏಲಕ್ಕಿ. ಜೋಳಕ್ಕೆ ಜಿಗುಟಿಲ್ಲ, ಅದಕ್ಕೇ ಬಿಸ್ಕತ್ತು ಹಗುರಾಗಿ ಪುಡಿಯುತ್ತದೆ. ಆದರೆ ಹಿಟ್ಟಿನ ಕಾಲು ಪಾಲು ಮೀರಿದರೆ ತಟ್ಟೆಯಿಂದ ಎತ್ತುವಾಗಲೇ ಮುರಿಯುತ್ತದೆ. ಡಾಲ್ಡಾ ಕರಗಿಸಬೇಡಿ, ಕರಗಿಸಿದರೆ ಉಂಡೆ ತಟ್ಟೆಯ ತುಂಬ ಹರಡಿ ದೋಸೆಯಾಗುತ್ತದೆ. ಇಳಿಯುವ ಶಾಖ ಇದಕ್ಕೆ ಹೇಳಿ ಮಾಡಿಸಿದ್ದು, ಮನೆಯ ಕುಕ್ಕರಿನಲ್ಲಿ ಈ ಬಿರುಕು, ಈ ಬಣ್ಣ ಬರುವುದಿಲ್ಲ. ಸಿಲಿಂಡರ್ ತಡವಾದ ವಾರದಲ್ಲಂತೂ ಕೂಲಿ ಕೊಟ್ಟದ್ದು ಲಾಭವೇ. ಕರ್ಚಿಕಾಯಿ, ಶಂಕರಪಾಳಿಗೆ ಉಳಿದ ಗ್ಯಾಸು ಮೀಸಲಿಡಬಹುದು.

ಕೇಕು ಭಟ್ಟಿಗೆ ಒಯ್ಯುವ ತಾರೀಖು ಯಾವುದೆಂದರೆ ಡಿಸೆಂಬರ್ 18ರಿಂದ 20ರೊಳಗೆ. 23, 24ಕ್ಕೆ ಭಟ್ಟಿಯನ್ನು ಆರಲು ಬಿಡದೆ ಮತ್ತೆ ಮತ್ತೆ ಕಟ್ಟಿಗೆ ತುಂಬುತ್ತಾರೆ, ಕೇಕಿಗೆ ಬೇಕಾದ ತಗ್ಗಿದ ಶಾಖ ಸಿಗುವುದೇ ಇಲ್ಲ. ಬೆಣ್ಣೆ-ಮೊಟ್ಟೆ ಪೂರ್ತಿ ಹಾಕಿದ ಕೇಕು ವಾರ ಕಳೆದರೆ ಇನ್ನೂ ರುಚಿ. ಮೊಸರು ಹಾಕಿದ್ದು ಮಾತ್ರ ಹೊರಗಿಟ್ಟರೆ ನಾಲ್ಕು ದಿನ, ಹಾಗಾಗಿ ಬೇಗ ಬೇಯಿಸಿದ್ದನ್ನು ಸುತ್ತಿ ಫ್ರಿಜ್ಜಿನಲ್ಲಿಟ್ಟು 24ರ ಸಂಜೆ ಹೊರತೆಗೆಯಿರಿ. ಅರ್ಧ ಕೆಜಿ ಡಬ್ಬಿಗೆ 50ರಿಂದ 60 ನಿಮಿಷ ಹಿಡಿಯುತ್ತದೆ. 45ಕ್ಕೆ ಮುಂಚೆ ಭಟ್ಟಿಯ ಬಾಯಿ ತೆಗೆದು ಡಬ್ಬಿ ಎಳೆದು ನೋಡಲು ಬಿಡಬೇಡಿ. ಆಮೇಲೆ ಕಡ್ಡಿ ಚುಚ್ಚಿ, ಒಣಗಿ ಬಂದರೆ ತೆಗೆಸಿ, 20 ನಿಮಿಷ ಡಬ್ಬಿಯಲ್ಲೇ ಬಿಟ್ಟು ಬಟ್ಟೆ ಹೊದಿಸಿ ಮನೆಗೆ ಒಯ್ಯಿರಿ. ಬಿಸಿ ಇರುವಾಗ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಹಬೆ ನೀರಾಗಿ ಮೇಲ್ಮೈ ಅಂಟಂಟಾಗುತ್ತದೆ, ಎರಡೇ ದಿನಕ್ಕೆ ಬೂಸು ಹಿಡಿಯುತ್ತದೆ.