ಗ್ಯಾಸ್ಟ್ರಿಕ್ ಬ್ಯಾಂಡ್: ಹತ್ತು ವರ್ಷ ದಾಟಿದ ಮೇಲೆ ಬರೆದ ವಿಮರ್ಶೆ

ಗ್ಯಾಸ್ಟ್ರಿಕ್ ಬ್ಯಾಂಡ್ ಅಂದರೆ ತೂಕ ಇಳಿಸಲು ಜಠರಕ್ಕೆ ಸುತ್ತುವ ಉಂಗುರ. ಅದನ್ನು ಹಾಕಿಸಿಕೊಳ್ಳಬೇಕು ಅಂತಿದ್ದರೆ ಮೊದಲು ಒಂದು ವಿಷಯ ವಿಚಾರಿಸಿ. ಇನ್ನು ಹತ್ತು ವರ್ಷ ಆದ ಮೇಲೆ ಅದನ್ನು ಬಿಗಿ ಮಾಡೋರು, ಸಡಿಲ ಮಾಡೋರು ನಿಮ್ಮ ಊರಿಗೆ ಎಷ್ಟು ಹತ್ತಿರ ಇರ್ತಾರೆ? ಆಪರೇಷನ್ ಒಂದು ದಿನದ ಕೆಲಸ. ಬ್ಯಾಂಡ್ ನೋಡಿಕೊಳ್ಳೋದು ಅದು ಒಳಗಿರುವವರೆಗೂ ಮುಗಿಯದ ಕೆಲಸ.

ನಾನು ಬೆಳಗಾವಿಯವಳು. ಶಹಾಪುರದಲ್ಲಿ ನಮ್ಮದು ಸೀರೆ ಅಂಗಡಿ. 2012ರಲ್ಲಿ ದೂರದ ದೊಡ್ಡ ಊರೊಂದರಲ್ಲಿ ಬ್ಯಾಂಡ್ ಹಾಕಿಸಿಕೊಂಡೆ. ಇವತ್ತಿಗೂ ಅದು ನನ್ನ ಹೊಟ್ಟೆಯಲ್ಲಿದೆ, ಕೆಲಸ ಮಾಡುತ್ತಿದೆ. ಆಪರೇಷನ್ ಆಗಿ ಆರು ತಿಂಗಳಿಗೆ ಬರೆದ ಅನುಭವಗಳು ಬೇಕಾದಷ್ಟು ಸಿಗುತ್ತವೆ. ಆಮೇಲಿನ ವರ್ಷಗಳ ಬಗ್ಗೆ ಬರೆಯುವವರು ಕಡಿಮೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಗ ನನ್ನ ತೂಕ 114 ಕೆಜಿ, ಎತ್ತರ 160 ಸೆಂಟಿಮೀಟರ್. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ, 44 ದಾಟಿತ್ತು. ಬಿಪಿ ಮಾತ್ರೆ ಮೊದಲಿಂದ ಇತ್ತು, ಸಕ್ಕರೆ ಕಾಯಿಲೆ ಆಗಷ್ಟೇ ಸೇರಿಕೊಂಡಿತ್ತು. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತು, ಅದಕ್ಕೆ ಸ್ಲೀಪ್ ಅಪ್ನಿಯಾ ಅನ್ನುತ್ತಾರೆ. ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಮಷೀನನ್ನು ಮುಖಕ್ಕೆ ಕಟ್ಟಿಕೊಂಡು ಮಲಗಬೇಕಿತ್ತು. ಅಂಗಡಿಯಲ್ಲಿ ಗಾದಿ ಮೇಲೆ ಕೂತು ಸೀರೆ ಬಿಚ್ಚಿ ತೋರಿಸೋದು ನಮ್ಮ ಪದ್ಧತಿ. ಕೂತರೆ ಯಾರಾದರೂ ಕೈ ಕೊಟ್ಟು ಎಬ್ಬಿಸಬೇಕಿತ್ತು. ಡಯಟ್, ವಾಕಿಂಗ್, ಮಾತ್ರೆ, ಪುಡಿ ಎಲ್ಲಾ ಆಗಿತ್ತು. ಹತ್ತು ಕೆಜಿ ಇಳಿದರೆ ಹನ್ನೆರಡು ಏರುತ್ತಿತ್ತು. ಇಷ್ಟು ತೂಕ ಇರೋರಿಗೆ ಇದು ಮನಸ್ಸು ಗಟ್ಟಿ ಮಾಡಿಕೊಂಡರೆ ಹೋಗುವ ಕಾಯಿಲೆ ಅಲ್ಲ. ದೇಹವೇ ಹಳೇ ತೂಕಕ್ಕೆ ಎಳೆಯುತ್ತೆ. "ಬಾಯಿ ಕಟ್ಟಿದ್ರ ಸಾಕವಾ" ಅನ್ನೋರಿಗೆ ಈ ಮಾತು ಖಂಡಿತ ಹೇಳಬೇಕು.

ಡಾಕ್ಟರು ಮೂರು ದಾರಿ ಮುಂದಿಟ್ಟರು: ಬೈಪಾಸ್, ಸ್ಲೀವ್, ಬ್ಯಾಂಡ್. ಬೈಪಾಸ್‌ನಲ್ಲಿ ಕರುಳಿನ ದಾರಿಯನ್ನೇ ಬದಲಿಸುತ್ತಾರೆ. ಸ್ಲೀವ್‌ನಲ್ಲಿ ಜಠರದ ಹೆಚ್ಚಿನ ಭಾಗ ಕತ್ತರಿಸಿ ತೆಗೆಯುತ್ತಾರೆ. ಬ್ಯಾಂಡ್‌ನಲ್ಲಿ ಏನನ್ನೂ ಕತ್ತರಿಸಿ ತೆಗೆಯೋದಿಲ್ಲ. ಸಿಲಿಕೋನ್ ಉಂಗುರವೊಂದನ್ನು ಜಠರದ ಮೇಲ್ಭಾಗಕ್ಕೆ ಸುತ್ತುತ್ತಾರೆ, ಅಷ್ಟೇ. ಉಂಗುರದ ಒಳಮೈ ಸೈಕಲ್ ಟ್ಯೂಬಿನ ಹಾಗೆ ಉಬ್ಬುತ್ತದೆ. ಅದರಿಂದ ಹೊರಟ ಸಣ್ಣ ನಳಿಗೆ ಹೊಟ್ಟೆಯ ಚರ್ಮದ ಕೆಳಗಿನ ಪೋರ್ಟಿಗೆ ಸೇರುತ್ತದೆ. ಪೋರ್ಟಿಗೆ ಸೂಜಿ ಚುಚ್ಚಿ ಸಲೈನ್ ತುಂಬಿದರೆ ಉಂಗುರ ಬಿಗಿಯಾಗುತ್ತದೆ, ತೆಗೆದರೆ ಸಡಿಲ. ಔಷಧ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದಕ್ಕೆ 2001ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಬೇಡವಾದರೆ ತೆಗೆಸಬಹುದು ಅನ್ನೋದೇ ನನಗೆ ಧೈರ್ಯ ಕೊಟ್ಟಿದ್ದು.

ಆಪರೇಷನ್ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಮೊದಲು ಎರಡು ವಾರ ಕಡಿಮೆ ಕ್ಯಾಲೊರಿ ಊಟ, ಲಿವರ್ ಸಣ್ಣದಾಗಲಿ ಅಂತ. ದೂರ್ಬೀನಿನ ಆಪರೇಷನ್, ಸಣ್ಣ ಸಣ್ಣ ತೂತುಗಳು. ಆಮೇಲೆ ಎರಡು ವಾರ ಬರೀ ಬೇಳೆ ಕಟ್ಟು, ಮಜ್ಜಿಗೆ, ಸೋಸಿದ ಸಾರು. ನಂತರ ಮಿಕ್ಸಿಗೆ ಹಾಕಿದ ಊಟ, ತೆಳ್ಳಗಿನ ನುಚ್ಚು. ತಿಂಗಳು ದಾಟಿದ ಮೇಲೆ ಗಟ್ಟಿ ಊಟ. ನೋವು ಬೇಗ ಕಡಿಮೆಯಾಯಿತು.

ನಿಜವಾದ ಕೆಲಸ ಶುರುವಾಗೋದು ಮೊದಲ ಫಿಲ್, ಅಂದರೆ ಸಲೈನ್ ತುಂಬುವುದು, ಆದ ದಿನ. ಹಾಕಿಸಿಕೊಂಡ ತಕ್ಷಣ ಬ್ಯಾಂಡ್ ಖಾಲಿ ಇರುತ್ತೆ ಇಲ್ಲವೇ ಸ್ವಲ್ಪವೇ ತುಂಬಿರುತ್ತೆ, ಹಸಿವು ಹಾಗೇ ಇರುತ್ತೆ. ಸುಮಾರು ಆರು ವಾರಕ್ಕೆ ಸಲೈನ್ ತುಂಬಲು ಶುರು ಮಾಡುತ್ತಾರೆ, ಒಂದೊಂದು ಸಲಕ್ಕೆ ಸ್ವಲ್ಪ ಸ್ವಲ್ಪ. ನನ್ನದು ಒಟ್ಟು 10 ಮಿಲಿ ಹಿಡಿಯುವ ಬ್ಯಾಂಡ್, 6 ಮಿಲಿ ಸುತ್ತಮುತ್ತ ನನಗೆ ಹದ ಸಿಕ್ಕಿತು. ಈ ಹದಕ್ಕೆ ಡಾಕ್ಟರುಗಳು ಗ್ರೀನ್ ಝೋನ್ ಅನ್ನುತ್ತಾರೆ. ಅರ್ಧ ಕಪ್, ಮುಕ್ಕಾಲು ಕಪ್ ಊಟಕ್ಕೆ ಸಮಾಧಾನ ಆಗಬೇಕು. ಮುಂದಿನ ಊಟದವರೆಗೂ ಹಸಿವಿನ ಕಾಟ ಇರಬಾರದು. ತಿಂದದ್ದು ವಾಪಸ್ ಬರಬಾರದು. ಹೆಚ್ಚು ಬಿಗಿ ಮಾಡಿದರೆ ಹೆಚ್ಚು ಇಳಿಯುತ್ತೆ ಅಂತ ಬಹಳ ಜನ ತಿಳಿದಿರುತ್ತಾರೆ. ಅದು ಉಲ್ಟಾ. ಬಿಗಿ ಜಾಸ್ತಿಯಾದರೆ ರೊಟ್ಟಿ, ಪಲ್ಯ, ಕಾಳು ಯಾವುದೂ ಇಳಿಯೋದಿಲ್ಲ. ಆಗ ಮನುಷ್ಯ ಇಳಿಯುವುದನ್ನೇ ಹುಡುಕಿಕೊಂಡು ಹೋಗುತ್ತಾನೆ: ಐಸ್‌ಕ್ರೀಮ್, ಬಾಸುಂದಿ, ಬಿಸ್ಕಿಟ್ ಅದ್ದಿದ ಚಹಾ.

ಇಲ್ಲಿ ನಮ್ಮ ಊರಿನವರಿಗೆ ಮುಖ್ಯವಾದ ಮಾತು ಇದೆ. ಆಸ್ಪತ್ರೆಯಲ್ಲಿ ಕೊಟ್ಟ ಊಟದ ಪಟ್ಟಿಯಲ್ಲಿ ಬ್ರೆಡ್, ಪಾಸ್ತಾ, ಕೋಳಿಮಾಂಸ ಅಂತಿತ್ತು. ನಮ್ಮ ಮನೆಯಲ್ಲಿ ಅದ್ಯಾವುದೂ ಇಲ್ಲ. ರೊಟ್ಟಿ ತಿನ್ನೋರು ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ವರ್ಷಗಳ ಮೇಲೆ ನಾನು ಕಂಡುಕೊಂಡದ್ದು ಹೀಗಿದೆ. ಮೆತ್ತಗಿನ ಚಪಾತಿ ಬಾಯಲ್ಲಿ ಮುದ್ದೆಯಾಗುತ್ತೆ, ಬ್ಯಾಂಡ್ ಹತ್ತಿರ ಸಿಕ್ಕಿಕೊಳ್ಳುತ್ತೆ. ಬಿಸಿ ಜೋಳದ ರೊಟ್ಟಿಯೂ ಅವಸರದಲ್ಲಿ ತಿಂದರೆ ಅಷ್ಟೇ. ಆದರೆ ಖಡಕ್ ರೊಟ್ಟಿಯನ್ನು ಪುಡಿಯಾಗುವವರೆಗೆ ಅಗಿದರೆ ಸರಾಗ ಇಳಿಯುತ್ತೆ. ಮದುವೆಗೆ, ಜಾತ್ರೆಗೆ ಹೋಗುವಾಗ ಒಂದು ಖಡಕ್ ರೊಟ್ಟಿ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಹೆಸರುಕಾಳು, ಮಡಿಕೆಕಾಳಿನ ಉಸಳಿ ಮೆತ್ತಗೆ ಬೇಯಿಸಿದರೆ ಒಳ್ಳೇದು. ಝುಣಕ ತೆಳ್ಳಗಿದ್ದರೆ ಚೆನ್ನ. ಶೇಂಗಾ ಚಟ್ನಿಗೆ ಮೊಸರು ಬೇಕೇ ಬೇಕು. ಎಣ್ಣೆಗಾಯಿ ಬದನೆಕಾಯಿಯ ಸಿಪ್ಪೆ, ತೊಟ್ಟು ಬಿಡಿ, ತಿರುಳು ತಿನ್ನಿ. ಅನ್ನ ಅಂಟಂಟಾಗಿದ್ದರೆ ಬೇಡ. ಏಕಾದಶಿಯ ಸಾಬೂದಾನಿ ಖಿಚಡಿ ನನಗಂತೂ ಪೂರ್ತಿ ನಿಂತಿದೆ, ಅದರಷ್ಟು ಸಿಕ್ಕಿಕೊಳ್ಳುವ ಪದಾರ್ಥ ಇನ್ನೊಂದಿಲ್ಲ.

ಸಿಕ್ಕಿಕೊಂಡಾಗ ಎದೆಯ ನಡುವೆ ಒತ್ತಿದ ಹಾಗಾಗುತ್ತೆ, ಬಾಯಲ್ಲಿ ನೊರೆ ನೊರೆ ಉಗುಳು ತುಂಬುತ್ತೆ. ಹೊಸಬರಿಗೆ ಹೃದಯದ ತೊಂದರೆಯೇನೋ ಅನ್ನಿಸಿ ಭಯವಾಗುತ್ತೆ. ಆಗ ನೀರು ಕುಡಿದು ತಳ್ಳಲು ಹೋಗಬೇಡಿ. ಎದ್ದು ನಿಧಾನ ಅಡ್ಡಾಡಿ. ನೀರೂ ಇಳಿಯದಂತಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಎದೆನೋವು ತೋಳಿಗೆ, ದವಡೆಗೆ ಹಬ್ಬಿದರೆ ಇಲ್ಲವೇ ಬೆವರು ಬಂದರೆ ಬ್ಯಾಂಡ್ ಅಂತ ಸುಮ್ನೆ ಕೂರಬೇಡಿ. ಊಟದ ಜೊತೆ ನೀರು ಬೇಡ, ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ತುತ್ತು ಶೇಂಗಾ ಕಾಳಿನಷ್ಟು. ಅರ್ಧ ಗಂಟೆಯೊಳಗೆ ತಾಟು ಸರಿಸಿಬಿಡಿ, ಉಳಿದಿದ್ದರೂ ಸರಿ.

ಇನ್ನು ಕುಂದಾ. ಬ್ಯಾಂಡ್ ತಡೆಯೋದು ಗಟ್ಟಿ ಊಟವನ್ನು. ಕುಂದಾ ಬಾಯಲ್ಲೇ ಕರಗುತ್ತೆ, ಬ್ಯಾಂಡ್ ಅದನ್ನು ಗುರುತಿಸುವುದೇ ಇಲ್ಲ. ಬಾಸುಂದಿ, ಪೇಢಾ, ಸಿಹಿ ಲಸ್ಸಿ ಎಲ್ಲವೂ ಹಾಗೇ. ಬ್ಯಾಂಡ್ ಹೊಟ್ಟೆಗೆ ಎಷ್ಟು ಅನ್ನೋದನ್ನು ಹೇಳುತ್ತೆ, ಏನು ಅನ್ನೋದನ್ನು ನಾವೇ ಹೇಳಬೇಕು. ನಮ್ಮ ಬೆಳಗಾವಿಯಲ್ಲಿ ಯಾರ ಮನೆಗೆ ಹೋದರೂ ಕುಂದಾ ಬರುತ್ತೆ. "ಯಾಕವಾ, ಸೇರಂಗಿಲ್ಲೇನ? ಒಂದ ಚಮಚ ತಿನ್ನ" ಅನ್ನುತ್ತಾರೆ, ಪ್ರೀತಿಯಿಂದಲೇ. ನಾನು ಒಂದು ಚಮಚ ತಿನ್ನುತ್ತೇನೆ, ಅಲ್ಲಿಗೆ ನಿಲ್ಲಿಸುತ್ತೇನೆ. ಸಿಹಿಯೇ ಮುಖ್ಯ ಆಹಾರ ಆಗಿರುವವರಿಗೆ ಬ್ಯಾಂಡ್ ಹೊಂದೋದಿಲ್ಲ ಅಂತ ನನ್ನ ಅಭಿಪ್ರಾಯ.

ಈಗ ಫಲಿತಾಂಶ. ಮೊದಲ ಎರಡು ವರ್ಷದಲ್ಲಿ ನಿಧಾನವಾಗಿ 84 ಕೆಜಿಗೆ ಬಂದೆ. ಬೈಪಾಸ್ ಮಾಡಿಸಿಕೊಂಡವರಿಗೆ ಇದಕ್ಕಿಂತ ಬೇಗ ಇಳಿಯುತ್ತೆ, ಅದು ನಿಜ. ಈಗ 87ರ ಆಸುಪಾಸು ನಿಂತಿದೆ. ಮೆಲ್ಬರ್ನ್‌ನ ತಂಡವೊಂದು 2013ರಲ್ಲಿ 15 ವರ್ಷಗಳ ಲೆಕ್ಕ ಪ್ರಕಟಿಸಿತ್ತು. ಹೆಚ್ಚುವರಿ ತೂಕದ, ಅಂದರೆ ಎತ್ತರಕ್ಕೆ ಇರಬೇಕಾದದ್ದಕ್ಕಿಂತ ಜಾಸ್ತಿ ಇರುವ ತೂಕದ, ಸುಮಾರು ಅರ್ಧ ಇಳಿದು, ಮತ್ತೆ ಏರದೆ ನಿಂತಿತ್ತು. ನನ್ನದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅದೇ ವರದಿಯಲ್ಲಿ ಬಹಳ ಜನರಿಗೆ ಮತ್ತೆ ಆಪರೇಷನ್ ಬೇಕಾಗಿತ್ತು ಅನ್ನೋದೂ ಇದೆ. ಎರಡನ್ನೂ ಒಟ್ಟಿಗೆ ಓದಬೇಕು.

ಸಕ್ಕರೆಯ ವಿಷಯದಲ್ಲಿ ನನಗೆ ಬಹಳ ಲಾಭ ಆಯಿತು. ಮಾತ್ರೆ ನಿಂತಿತು, ಈಗಲೂ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ, ಹದದಲ್ಲಿದೆ. ಸಕ್ಕರೆ ಕಾಯಿಲೆ ಬಂದು ಎರಡು ವರ್ಷದೊಳಗಿರುವವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ 2008ರಲ್ಲಿ ಬಂದಿತ್ತು. ಒಟ್ಟು 60 ಜನ. ಬ್ಯಾಂಡ್ ಹಾಕಿಸಿಕೊಂಡವರಲ್ಲಿ 73%, ಬರೀ ಔಷಧ ಮತ್ತು ಪಥ್ಯದಲ್ಲಿದ್ದವರಲ್ಲಿ 13% ಜನರಿಗೆ ಕಾಯಿಲೆ ಹಿಡಿತಕ್ಕೆ ಬಂದು ಮಾಯವಾದಂತಿತ್ತು. ಕಾಯಿಲೆ ಹೊಸದಿರುವಾಗಲೇ ಮಾಡಿಸಿದರೆ ಲಾಭ ಜಾಸ್ತಿ ಅಂತ ನನ್ನ ಡಾಕ್ಟರು ಹೇಳಿದ್ದಕ್ಕೆ ಇದೂ ಒಂದು ಕಾರಣ. ಬಿಪಿ ಮಾತ್ರೆ ಒಂದಕ್ಕೆ ಇಳಿದಿದೆ. ಸಿಪ್ಯಾಪ್ ಮಷೀನನ್ನು ಮತ್ತೆ ನಿದ್ದೆಯ ಪರೀಕ್ಷೆ ಮಾಡಿಸಿದ ಮೇಲೆ ಬಿಟ್ಟೆ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ದಿನಾ ಬೆಳಿಗ್ಗೆ ನಡೆಯುತ್ತೇನೆ, ಮಳೆಗಾಲದಲ್ಲಿ ಕೊಡೆ ಹಿಡಿದು. ಯಳ್ಳೂರಿನ ರಾಜಹಂಸಗಡ ಕೋಟೆ ಹತ್ತಿ ಸುತ್ತಲಿನ ಹೊಲ ನೋಡಿದ ದಿನ ನನಗೆ ಆದ ಸಂತೋಷ ಬರೆಯಲು ಬರೋದಿಲ್ಲ. ಗಾದಿ ಮೇಲಿಂದ ಈಗ ನಾನೇ ಏಳುತ್ತೇನೆ.

ತೊಂದರೆಗಳು. ಒಮ್ಮೆ ಪೋರ್ಟ್ ತಿರುಗಿ ಕೂತಿತು, ಸೂಜಿ ಹೋಗಲಿಲ್ಲ, ಸಣ್ಣ ಆಪರೇಷನ್ ಮಾಡಿ ಸರಿಮಾಡಿದರು. ಇನ್ನೊಮ್ಮೆ ರಾತ್ರಿ ಕೆಮ್ಮು ಶುರುವಾಯಿತು, ಹುಳಿ ನೀರು ಗಂಟಲಿಗೆ ಬರುತ್ತಿತ್ತು. ಅಲರ್ಜಿ ಅಂತ ಸಿರಪ್ ಕುಡಿದು ತಿಂಗಳುಗಟ್ಟಲೆ ಹೋಯಿತು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದಾಗ ಬ್ಯಾಂಡ್ ಬಿಗಿ ಜಾಸ್ತಿ ಅಂತ ಗೊತ್ತಾಯಿತು. ಸ್ವಲ್ಪ ಸಲೈನ್ ತೆಗೆದರು, ಆ ವಾರವೇ ಕೆಮ್ಮು ನಿಂತಿತು. ಬ್ಯಾಂಡ್ ಇರುವವರಿಗೆ ರಾತ್ರಿ ಕೆಮ್ಮು ಬಂದರೆ ಮೊದಲು ಬ್ಯಾಂಡ್ ನೋಡಿಸಿ. ಬ್ಯಾಂಡ್ ಜಾರುವುದು, ಬ್ಯಾಂಡಿನ ಮೇಲೆ ಉಳಿಯುವ ಜಠರದ ಸಣ್ಣ ಚೀಲ ಹಿಗ್ಗುವುದು, ಅಪರೂಪಕ್ಕೆ ಜಠರದ ಗೋಡೆಯೊಳಗೆ ಕೊರೆಯುವುದು, ಇವೂ ಆಗುತ್ತವೆ. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ವಿಟಮಿನ್ ಬಿ1 ಕಡಿಮೆಯಾಗಿ ನರಕ್ಕೆ ಪೆಟ್ಟು ಬೀಳಬಹುದು.

ನನಗೆ ನಿಜಕ್ಕೂ ನೋವಾದದ್ದು ಬೇರೆ. ಬ್ಯಾಂಡ್ ಹಾಕಿದ ಆಸ್ಪತ್ರೆ ಕೆಲ ವರ್ಷಕ್ಕೆ ಆ ವಿಭಾಗವನ್ನೇ ಮುಚ್ಚಿತು. ಒಂದು ಫೋನ್ ಇಲ್ಲ, ಪತ್ರ ಇಲ್ಲ. ರಾತ್ರಿ ಬಸ್ಸಿಗೆ ಹೋಗಿ ಬೆಳಿಗ್ಗೆ ಇಳಿದರೆ ಬಾಗಿಲಲ್ಲಿ ಬೇರೆ ಬೋರ್ಡು. ಆಮೇಲೆ 2020ರ ಲಾಕ್‌ಡೌನ್. ಆ ಅವಧಿಯಲ್ಲಿ ತೂಕ 93ಕ್ಕೆ ಏರಿತು. ಪೋರ್ಟಿಗೆ ಸಾದಾ ಸೂಜಿ ಚುಚ್ಚಬಾರದು, ತೂತು ಉಳಿದು ಸಲೈನ್ ಸೋರುತ್ತೆ. ಅದಕ್ಕೆ ಹಾಗೆ ತೂತು ಉಳಿಸದ ಹ್ಯೂಬರ್ ಅನ್ನೋ ಸೂಜಿಯೇ ಬೇಕು. ಕೊನೆಗೆ ನಮ್ಮ ಊರಿನಲ್ಲೇ ಬ್ಯಾಂಡಿನ ಅನುಭವ ಇರುವ ಸರ್ಜನ್ ಒಬ್ಬರು ಸಿಕ್ಕರು. ನನ್ನ ಬ್ಯಾಂಡ್ ಕಾರ್ಡ್ ನೋಡಿ, "ಈ ಕಾರ್ಡ್ ಇಟ್ಟೀರಲ್ಲ ಅಕ್ಕಾರ, ಅರ್ಧ ಕೆಲಸ ಆತು" ಅಂದರು. ಕಾರ್ಡಿನಲ್ಲಿ ಕಂಪನಿ, ಮಾದರಿ, ಎಷ್ಟು ಮಿಲಿ ಅಂತ ಇರುತ್ತೆ. ಪ್ರತಿ ಫಿಲ್ ಲೆಕ್ಕವನ್ನೂ ಅದರ ಜೊತೆ ಬರೆದಿಟ್ಟುಕೊಳ್ಳಿ. ಎಂಆರ್‌ಐ, ಎಂಡೋಸ್ಕೋಪಿ ಯಾವುದೇ ಇದ್ದರೂ ಮೊದಲು ಕಾರ್ಡ್ ತೋರಿಸಿ. ನೋವಿನ ಮಾತ್ರೆ ಅಂಗಡಿಯಿಂದ ಸುಮ್ನೆ ತಂದು ನುಂಗಬೇಡಿ, ದೊಡ್ಡ ಮಾತ್ರೆ ಸಿಕ್ಕಿಕೊಳ್ಳುತ್ತೆ, ಕೆಲವು ಜಠರಕ್ಕೆ ಹುಣ್ಣು ಮಾಡುತ್ತವೆ.

ಈಗ ಹಾಕಿಸಿಕೊಳ್ಳಬೇಕಾ? ಜಗತ್ತಿನಲ್ಲೇ ಬ್ಯಾಂಡ್ ಬಹಳ ಕಡಿಮೆಯಾಗಿದೆ, ಸ್ಲೀವ್ ಮುಂದೆ ಹೋಗಿದೆ. ಹಾಗಾಗಿ ಬ್ಯಾಂಡ್ ಗೊತ್ತಿರುವ ಡಾಕ್ಟರುಗಳೂ ಕಡಿಮೆಯಾಗುತ್ತಿದ್ದಾರೆ. ಬಾಗಲಕೋಟೆ, ವಿಜಯಪುರದ ಕಡೆಯ ಹಳ್ಳಿಯಿಂದ ಪ್ರತಿ ಫಿಲ್‌ಗೂ ಬೆಂಗಳೂರಿಗೆ ಹೋಗಬೇಕಾದವರಿಗೆ ನಾನು ಬೇಡ ಅನ್ನುತ್ತೇನೆ. ನನ್ನ ತಂಗಿಯೂ ಸ್ಲೀವ್ ಕಡೆಗೇ ಹೋಗುತ್ತಿದ್ದಾಳೆ, ಅದೇ ಸರಿ ಅಂತ ಹೇಳಿದ್ದೇನೆ. ಆದರೆ ಈಗಾಗಲೇ ಬ್ಯಾಂಡ್ ಇರುವವರು ಹೆದರಿ ತೆಗೆಸಬೇಕಿಲ್ಲ. ತೊಂದರೆ ಇಲ್ಲ, ಹದ ಸರಿ ಇದೆ ಅಂದರೆ ವರ್ಷಕ್ಕೊಮ್ಮೆ ತೋರಿಸಿಕೊಂಡು ಇಟ್ಟುಕೊಳ್ಳಿ. ನಾನು ಹಾಗೇ ಇಟ್ಟುಕೊಂಡಿದ್ದೇನೆ.

ಅಂಕ ಕೊಡಬೇಕು ಅಂದರೆ, ಆರೋಗ್ಯಕ್ಕೆ ಆದ ಲಾಭಕ್ಕೆ ಐದಕ್ಕೆ ಐದು. ಬ್ಯಾಂಡ್ ಅನ್ನೋ ವಸ್ತುವಿಗೆ ಮೂರೂವರೆ. ಹಾಕಿಸಿದ ಆಸ್ಪತ್ರೆಯ ನಂತರದ ಸೇವೆಗೆ ಒಂದು.

ದುಡ್ಡಿನ ವಿಷಯ ಎಲ್ಲರೂ ಕೇಳುತ್ತಾರೆ. ನನ್ನದು ಪೂರ್ತಿ ಕೈಯಿಂದ ಹೋಗಿದೆ, ಆಗ ವಿಮೆ ಸಿಗಲಿಲ್ಲ. ಈಗ ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ತಂದ ನಿಯಮದ ಮಾತೇ ಪಾಲಿಸಿಗಳಲ್ಲಿ ಇರುತ್ತೆ. ಡಾಕ್ಟರ ಸಲಹೆ ಇರಬೇಕು, ವಯಸ್ಸು 18 ತುಂಬಿರಬೇಕು. ಬಿಎಂಐ 40 ಅಥವಾ ಹೆಚ್ಚು ಇರಬೇಕು, ಇಲ್ಲವೇ 35 ಅಥವಾ ಹೆಚ್ಚು ಇದ್ದು, ಜೊತೆಗೆ ಹತೋಟಿಗೆ ಬಾರದ ಸಕ್ಕರೆ, ತೀವ್ರ ಸ್ಲೀಪ್ ಅಪ್ನಿಯಾ, ಹೃದಯದ ಕಾಯಿಲೆ ಇಂಥದ್ದು ಇದ್ದು, ಬೇರೆ ಉಪಾಯ ಫಲ ಕೊಟ್ಟಿರಬಾರದು. ಹಳೇ ಡಯಟ್ ಚೀಟಿ, ನಿದ್ದೆಯ ಪರೀಕ್ಷೆ, ರಕ್ತದ ವರದಿ ಯಾವುದನ್ನೂ ಬಿಸಾಡಬೇಡಿ. ಕ್ಲೇಮಿಗೆ ಅವೇ ಬೇಕಾಗುತ್ತವೆ. ಆಪರೇಷನ್ ತಾರೀಕು ಹಿಡಿಯುವ ಮೊದಲೇ ವಿಮಾ ಕಂಪನಿಯಿಂದ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ, ಮತ್ತು ಮುಂದಿನ ಫಿಲ್‌ಗಳ, ಎಕ್ಸ್‌ರೇಗಳ ಖರ್ಚು ಯಾರದ್ದು ಅಂತಲೂ ಅದೇ ಹೊತ್ತಿಗೆ ಕೇಳಿ.