ಮನಿಪ್ಲಾಂಟ್, ಆಕ್ಸಿಕಾರ್ಡಿಯಂ, ಜೀಬ್ರೀನಾ: ಒಂದೇ ಕಿಟಕಿ, ಎರಡು ವರ್ಷ

ಬೆಂಗಳೂರಿನ ನಮ್ಮ ಎರಡನೇ ಮಹಡಿಯ ಮನೆಯೊಳಗೆ ಚೆನ್ನಾಗಿ ಬಿಸಿಲು ಬೀಳುವುದು ಅಡುಗೆಮನೆ ಕಿಟಕಿಗೊಂದೇ. ಅದೂ ಬೆಳಿಗ್ಗೆ ಒಂಬತ್ತರವರೆಗೆ. ಆಮೇಲೆ ಎದುರು ಕಟ್ಟಡದ ನೆರಳು. ಆ ಕಿಟಕಿಯ ಸರಳಿಗೆ ಎರಡು ವರ್ಷದ ಹಿಂದೆ ಆರಿಂಚಿನ ಮೂರು ಕುಂಡ ನೇತುಹಾಕಿದೆ. ಒಂದರಲ್ಲಿ ಮನಿಪ್ಲಾಂಟ್, ಇನ್ನೊಂದರಲ್ಲಿ ನರ್ಸರಿಯವರು ಆಕ್ಸಿಕಾರ್ಡಿಯಂ ಅನ್ನುವ ಹೃದಯದಾಕಾರದ ಎಲೆಯ ಫಿಲೋಡೆಂಡ್ರಾನ್, ಮೂರನೆಯದರಲ್ಲಿ ಬೆಳ್ಳಿಪಟ್ಟೆಯ ಜೀಬ್ರೀನಾ. ಮೂರಕ್ಕೂ ಮಾರಿದವರ ಮಾತು ಒಂದೇ: ‘ಏನೂ ಮಾಡೋದೇ ಬೇಡ ಸಾರ್, ತಾನಾಗೇ ಬರುತ್ತೆ.’ ತಾನಾಗೇ ಬರುವುದರಲ್ಲೂ ಮೂರು ಬಗೆ ಇದೆ ಅಂತ ಗೊತ್ತಾಗಲು ಇಷ್ಟು ದಿನ ಬೇಕಾಯಿತು.

ನಮ್ಮಲ್ಲಿ ಗಿಡಕ್ಕೆ ನೀರು ಹಾಕುವ ಕೈ ಎರಡು. ನನ್ನದು ಹತ್ತು ದಿನ ಮರೆತು, ಹನ್ನೊಂದನೆಯ ದಿನ ಗಾಬರಿಯಾಗಿ ಸುರಿಯುವ ಕೈ. ಇನ್ನೊಂದು ಅಮ್ಮನದು. ನಮ್ಮೂರು ಸಾಗರದಿಂದ ಬಂದರೆ ಮೂರು ತಿಂಗಳು ಇರುತ್ತಾಳೆ, ಆ ಮೂರು ತಿಂಗಳೂ ಗಿಡಗಳಿಗೆ ಕಾಫಿ ಹೊತ್ತಿಗೆ ಸರಿಯಾಗಿ ನೀರು. ಹಾಗಾಗಿ ಬರ, ನೆರೆ ಎರಡನ್ನೂ ಈ ಮೂರು ಗಿಡಗಳು ಕಂಡಿವೆ. ಯಾವ ಗಿಡ ಒಳ್ಳೆಯದು ಅಂತ ಯಾರಾದರೂ ಕೇಳಿದರೆ, ನೀವು ಮರೆಯುವವರೋ ಸುರಿಯುವವರೋ ಅಂತ ಈಗ ನಾನು ತಿರುಗಿ ಕೇಳುತ್ತೇನೆ.

ಮನಿಪ್ಲಾಂಟ್ ಮರೆಯುವವರ ಗಿಡ. ಎಲೆ ದಪ್ಪ, ಕಾಂಡದಲ್ಲಿ ನೀರಿನ ದಾಸ್ತಾನು. ನನ್ನ ಹತ್ತು ದಿನದ ಮರೆವಿಗೆ ಎಲೆ ಸ್ವಲ್ಪ ಜೋತುಬೀಳುತ್ತದೆ, ನೀರು ಬಿದ್ದ ಸಂಜೆಗೆ ಎದ್ದು ಕೂರುತ್ತದೆ. ನಾನು ಇದನ್ನು ದುಡ್ಡು ಕೊಟ್ಟು ತಂದೆ ಅಂತ ಗೊತ್ತಾದಾಗ ಅಮ್ಮ ತಲೆ ಚಚ್ಚಿಕೊಂಡಳು. ‘ಕೊಂಡು ತಂದದ್ದು ಬರಲ್ಲ ಮಾರಾಯಾ, ಕದ್ದು ತಂದದ್ದೇ ಹಬ್ಬೋದು!’ ಊರೆಲ್ಲ ಹೇಳುವ ಮಾತೇ ಇದು. ಆದರೆ ಇದರ ಹಿಂದೆ ಒಂದು ತಮಾಷೆಯ ಸತ್ಯ ಇದೆ. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಸಾಕಷ್ಟು ತಯಾರಿಸುವ ತಾಕತ್ತು ಮನಿಪ್ಲಾಂಟಿಗಿಲ್ಲ, ಅದು ವಂಶವಾಹಿಯಲ್ಲೇ ಬಂದ ಕೊರತೆ. ತಾನಾಗಿ ಹೂ ಬಿಟ್ಟದ್ದು ಕೊನೆಯದಾಗಿ ವರದಿಯಾದದ್ದು 1964ರಲ್ಲಂತೆ. ಹೂವಿಲ್ಲ, ಬೀಜವಿಲ್ಲ. ಪೆಸಿಫಿಕ್ ಸಾಗರದ ಮೊರಿಯಾ ದ್ವೀಪದಿಂದ ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದವರೆಗೆ ಬಂದದ್ದು ತುಂಡಿನಿಂದ ತುಂಡಾಗಿಯೇ. ಅಮ್ಮನಂಥ ಕಳ್ಳಿಯರಿಲ್ಲದಿದ್ದರೆ ಅದರ ಸಂಸಾರ ಬೆಳೆಯುತ್ತಲೇ ಇರಲಿಲ್ಲ.

ಇದರ ಬಗ್ಗೆ ನನ್ನ ದೂರು ಒಂದೇ. ಜೋತುಬಿಟ್ಟಷ್ಟೂ ಎಲೆ ಸಣ್ಣದಾಗುತ್ತ ಹೋಗುತ್ತದೆ. ಊರಲ್ಲಿ ಹಿತ್ತಲ ಹಲಸಿನ ಮರಕ್ಕೆ ಹತ್ತಿದ ಇದೇ ಬಳ್ಳಿಯ ಎಲೆ ಮೊರದಗಲ, ಅಂಚು ಸೀಳಿಕೊಂಡಿದೆ. ನಮ್ಮ ಕಿಟಕಿಯಲ್ಲಿ ಆರಡಿ ಇಳಿದ ಬಳ್ಳಿಯ ತುದಿಯ ಎಲೆ ವೀಳ್ಯದೆಲೆಯಷ್ಟೂ ಇಲ್ಲ. ಇದು ಹತ್ತುವ ಜಾತಿ, ಇಳಿಯುವುದು ನಮ್ಮ ಬಲವಂತಕ್ಕೆ.

ಇಳಿಬಿಡಲು ಚಂದ ಅಂದರೆ ಆಕ್ಸಿಕಾರ್ಡಿಯಂ. ಎಲೆ ತೆಳು, ಮುಟ್ಟಿದರೆ ಮೆತ್ತಗೆ, ತುದಿವರೆಗೂ ಹೆಚ್ಚುಕಮ್ಮಿ ಒಂದೇ ಅಳತೆ. ನರ್ಸರಿಯಲ್ಲಿ ಇದನ್ನು ಹಸಿರು ಮನಿಪ್ಲಾಂಟ್ ಅಂತಲೇ ಮಾರುವವರಿದ್ದಾರೆ, ಆದ್ದರಿಂದ ತೊಟ್ಟು ಸವರಿ ನೋಡಿ. ಮನಿಪ್ಲಾಂಟಿನ ತೊಟ್ಟಿನ ಮೇಲೆ ಉದ್ದಕ್ಕೆ ಕಾಲುವೆಯಂಥ ಗೀರು ಇರುತ್ತದೆ, ಇದರದು ಹೆಚ್ಚುಕಮ್ಮಿ ದುಂಡಗೆ. ಇದರ ಹೊಸ ಎಲೆ ತೆಳ್ಳನೆಯ ಪೊರೆಯಿಂದ ಬಿಚ್ಚಿಕೊಂಡು ಬರುತ್ತದೆ, ಪೊರೆ ಆಮೇಲೆ ಒಣಗಿ ಉದುರುತ್ತದೆ. ಮಂದ ಬೆಳಕನ್ನೂ ತಡೆದುಕೊಳ್ಳುತ್ತದೆ. ಅಮ್ಮನ ದಿನದ ನೀರನ್ನು ಮಾತ್ರ ತಡೆಯಲಿಲ್ಲ. ಮೂರನೇ ವಾರಕ್ಕೆ ಬುಡದ ಎಲೆಗಳು ಒಂದೊಂದೇ ಹಳದಿಯಾದವು. ಕುಂಡ ಇಳಿಸಿ ಮಣ್ಣು ಕೆದಕಿದರೆ ಚರಂಡಿ ವಾಸನೆ, ಎಳೆದರೆ ಬೇರಿನ ಸಿಪ್ಪೆ ಕೈಗೆ ಬಂತು. ಚೆನ್ನಾಗಿದ್ದ ನಾಲ್ಕು ತುದಿ ಕತ್ತರಿಸಿ ನೀರಿನ ಲೋಟದಲ್ಲಿ ನಿಲ್ಲಿಸಿ ಉಳಿಸಿಕೊಂಡೆ. ಗೆಣ್ಣಿಗೆ ಹತ್ತುವ ಬಿಳಿ ಹಿಟ್ಟುತಿಗಣೆಯ ಕಾಟವೂ ಮೂರರಲ್ಲಿ ಇದಕ್ಕೇ ಹೆಚ್ಚು.

ಜೀಬ್ರೀನಾ ಸುರಿಯುವವರ ಗಿಡ. ಅಮ್ಮನಿದ್ದ ಮೂರು ತಿಂಗಳಲ್ಲಿ ಅದು ಕುಂಡ ತುಂಬಿ ಹೊರಚೆಲ್ಲಿತು. ಎಲೆಯ ಮೇಲೆ ಬೆಳ್ಳಿಪಟ್ಟೆ, ಕೆಳಗೆ ನೇರಳೆ; ಬೆಳಗಿನ ಬಿಸಿಲಲ್ಲಿ ನೋಡಿದರೆ ಉಳಿದೆರಡೂ ಸಪ್ಪೆ. ಆದರೆ ಐದು ತಿಂಗಳಿಗೆ ಬುಡ ಬೋಳಾಗುತ್ತದೆ. ಬೆಳಕು ಕಮ್ಮಿಯಾದರೆ ಪಟ್ಟೆ ಮಾಸಿ, ಕಾಂಡ ಸುಮ್ಮನೆ ಉದ್ದವಾಗುತ್ತದೆ. ತುದಿ ಚಿವುಟಿ ಅದೇ ಕುಂಡಕ್ಕೆ ಮತ್ತೆ ಊರುವ ಕೆಲಸ ವರ್ಷಕ್ಕೆ ಎರಡು ಸಲ ಇದ್ದದ್ದೇ. ಊರಿದ ವಾರಕ್ಕೆಲ್ಲ ಬೇರು ಬಿಡುತ್ತದೆ ಅನ್ನುವುದು ನಿಜ, ಆದರೆ ‘ಏನೂ ಮಾಡೋದೇ ಬೇಡ’ ಅನ್ನುವುದು ಸುಳ್ಳು. ರಸ ತಾಗಿ ನನಗೆ ಮಣಿಕಟ್ಟು ತುರಿಸಿದ್ದೂ ಉಂಟು. ಮನೆಯಲ್ಲಿ ಬೆಕ್ಕು ನಾಯಿ ಇದ್ದರೆ ಮೂರನ್ನೂ ಎತ್ತರದಲ್ಲೇ ಇಡಿ. ಮೊದಲೆರಡರ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಜಗಿದರೆ ಬಾಯಿ ಉರಿಯುತ್ತದೆ.

ಕುಂಡ ಬದಲಿಸಿದ್ದು ಹದಿನಾಲ್ಕನೇ ತಿಂಗಳು, ಜೂನ್ ಮಳೆ ಹಿಡಿದ ಮೇಲೆ. ಮನಿಪ್ಲಾಂಟಿಗೆ ನೀರು ಹಾಕಿದರೆ ನಿಲ್ಲದೆ ತಟ್ಟೆಗೆ ಇಳಿಯುತ್ತಿತ್ತು. ಕುಂಡ ಮಗುಚಿ ತಳಕ್ಕೆ ಗುದ್ದಿದೆ. ಬೇರುಮಣ್ಣಿನ ಇಡೀ ಗಡ್ಡೆ ಅಚ್ಚಿನಿಂದ ಇಳಿಸಿದ ಇಡ್ಲಿಯ ಹಾಗೆ ಬಂತು, ಸುತ್ತ ಬೇರು ಶಾವಿಗೆಯಂತೆ ಸುತ್ತಿಕೊಂಡಿತ್ತು. ನಡುವಿನ ಕೆಂಪುಮಣ್ಣು ಇಟ್ಟಿಗೆಯಾಗಿತ್ತು. ನರ್ಸರಿಯ ಕೆಂಪುಮಣ್ಣು ಸಾಗಿಸಲು ಗಟ್ಟಿ, ತೂಗುಕುಂಡಕ್ಕೆ ಶತ್ರು. ಭಾರವೂ ಹೌದು, ಒಣಗಿದರೆ ಕುಂಡದ ಅಂಚು ಬಿಟ್ಟು ಕುಗ್ಗುತ್ತದೆ, ನೀರು ಆ ಸಂದಿಯಲ್ಲೇ ಜಾರಿಹೋಗುತ್ತದೆ. ಈಗ ನನ್ನ ಲೆಕ್ಕ ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಪರ್ಲೈಟ್ ಎಂಬ ಹಗುರ ಬಿಳಿ ಕಾಳು ಅಥವಾ ದಪ್ಪ ಮರಳು, ಕುಂಡಕ್ಕೊಂದು ಸಣ್ಣ ಹಿಡಿ ಬೇವಿನ ಹಿಂಡಿ. ಕೋಕೋಪೀಟನ್ನು ಎರಡು ಸಲ ನೆನೆಸಿ ಹಿಂಡಿ, ಅದರಲ್ಲಿ ಉಪ್ಪಿರುತ್ತದೆ. ಹೊಸ ಕುಂಡ ಹಳೆಯದಕ್ಕಿಂತ ಎರಡಿಂಚು ದೊಡ್ಡದಿದ್ದರೆ ಸಾಕು. ಒಂದಕ್ಕೆ ಆಸೆಪಟ್ಟು ಹನ್ನೆರಡಿಂಚು ಕೊಟ್ಟೆ. ಬೇರು ಮುಟ್ಟದ ಮಣ್ಣು ತಿಂಗಳುಗಟ್ಟಲೆ ಹಸಿಯಾಗೇ ಕೂತಿತು.

ಯಾವ ಗೊಬ್ಬರ ಒಳ್ಳೆಯದು ಅಂತ ನೋಡಲು ಒಂದೇ ತಾಯಿಬಳ್ಳಿಯ ನಾಲ್ಕು ತುಂಡು ಊರಿ, ಆರು ತಿಂಗಳು ಹೊಸ ಎಲೆ ಎಣಿಸಿದೆ. ರೈತರು ‘ನೈನ್ಟೀನ್ ಆಲ್’ ಅನ್ನುವ 19:19:19 ಪುಡಿಯನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ ರಸಗೊಬ್ಬರ) ಲೀಟರಿಗೆ ಕಾಲು ಟೀ ಚಮಚ ಕರಗಿಸಿ ತಿಂಗಳಿಗೊಮ್ಮೆ ಕೊಟ್ಟದ್ದಕ್ಕೆ ಹನ್ನೊಂದು ಎಲೆ. ಎರಡು ತಿಂಗಳಿಗೊಮ್ಮೆ ಹಿಡಿ ಎರೆಗೊಬ್ಬರ ಉದುರಿಸಿದ್ದಕ್ಕೆ ಒಂಬತ್ತು. ಅಮ್ಮನ ಅಕ್ಕಿ ತೊಳೆದ ನೀರಿಗೆ ಏಳು, ಜೊತೆಗೆ ಮನೆತುಂಬ ಸಣ್ಣ ಕಪ್ಪು ನೊಣ. ಬರೀ ನೀರಿಗೆ ಆರು. ಊರಿನ ಅಂಗಳದಲ್ಲಿ ಅಕ್ಕಿ ನೀರನ್ನು ನೆಲ ಕುಡಿದುಬಿಡುತ್ತದೆ, ಆರಿಂಚಿನ ಕುಂಡದಲ್ಲಿ ಅದು ಹುಳಿಯಾಗಿ ಕೂರುತ್ತದೆ. ನೈನ್ಟೀನ್ ಆಲ್ ಗೆದ್ದಿತು ಅಂತ ಹಿಗ್ಗಿ ಆಕ್ಸಿಕಾರ್ಡಿಯಂಗೆ ಪೂರ್ತಿ ಚಮಚ ಹಾಕಿದೆ. ಎಲೆಯ ಅಂಚು ಸುಟ್ಟಿತು, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿತು. ಎರಡು ಬಕೆಟ್ ಸಾದಾ ನೀರು ಹರಿಸಿದ ಮೇಲೆ ಸುಧಾರಿಸಿತು. ಡಿಸೆಂಬರ್, ಜನವರಿಯಲ್ಲಿ ಯಾವ ಗೊಬ್ಬರವೂ ಇಲ್ಲ. ಚಳಿಗೆ ಬೆಳೆಯದ ಗಿಡಕ್ಕೆ ಊಟ ಬಡಿಸಿ ಏನು ಮಾಡಲಿ?

ಆದರೂ ಇದ್ಯಾವುದಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು, ಹಾಲ್‌ನ ಮೂಲೆಯಲ್ಲಿ ಸೊರಗಿದ್ದ ಐದನೇ ತುಂಡನ್ನು ಕಿಟಕಿಗೆ ತಂದಾಗ. ಬರೀ ನೀರಿನಲ್ಲೇ ಅದು ಮೂಲೆಯಲ್ಲಿದ್ದಾಗಿನ ಎರಡರಷ್ಟು ಚಿಗುರಿತು. ಗೊಬ್ಬರಕ್ಕೆ ಖರ್ಚು ಮಾಡುವ ಮುಂಚೆ ಕುಂಡವನ್ನು ನಾಲ್ಕಡಿ ಸರಿಸಿ ನೋಡಬಹುದಿತ್ತು.

ಈಗ ಆಕ್ಸಿಕಾರ್ಡಿಯಂ ಹಾಲ್‌ನಲ್ಲಿ ಪುಸ್ತಕದ ಕಪಾಟಿನ ಮೇಲಿದೆ, ಅಮ್ಮನ ಕೈ ಅಷ್ಟೆತ್ತರ ಹೋಗುವುದಿಲ್ಲ. ಮನಿಪ್ಲಾಂಟ್ ಕಿಟಕಿಯಲ್ಲೇ ಇದೆ. ಜೀಬ್ರೀನಾ ಬಟ್ಟೆ ಒಣಗಿಸುವ ಬಾಲ್ಕನಿಗೆ ಹೋಯಿತು, ಅಲ್ಲಿ ಮಧ್ಯಾಹ್ನದವರೆಗೆ ಒಳ್ಳೆ ಬೆಳಕು. ಅದಿದ್ದ ಸರಳಿಗೆ ಅಮ್ಮ ಬೆಳ್ಳುಳ್ಳಿ ಬುಟ್ಟಿ ನೇತುಹಾಕಿದ್ದಾಳೆ.